ಮಾತಿಲ್ಲದ ಒಂದು ಮಂಡಲ

ನನ್ನ ದನಿ ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ತಾರಸ್ಥಾಯಿಯ ಷಡ್ಜದ ಹತ್ತಿರ ಸಣ್ಣದೊಂದು ಒಡಕು ಕಾಣಿಸಿತು. ಹಾಡುತ್ತ ಅಲ್ಲಿಗೆ ಬಂದರೆ ಸ್ವರದ ಜಾಗದಲ್ಲಿ ಒಂದು ಕ್ಷಣ ಬರೀ ಗಾಳಿ ಬರುತ್ತಿತ್ತು, ಮರುಕ್ಷಣ ಮತ್ತೆ ಸ್ವರ. ಕೇಳುವವರಿಗೆ ಅದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಆ ಜಾಗ ಹತ್ತಿರವಾಗುತ್ತಿದ್ದಂತೆ ಎದೆ ಬಿಗಿಯುತ್ತಿತ್ತು, ಎದೆ ಬಿಗಿದದ್ದಕ್ಕೇ ಒಡಕು ಇನ್ನಷ್ಟು ಅಗಲವಾಗುತ್ತಿತ್ತು.

ಅದು ಎಪ್ಪತ್ತೆರಡನೆಯ ಇಸವಿಯ ಮಾತು. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಬಿಳಿಕೆರೆಯಿಂದ ಎರಡು ಮೈಲಿ ಒಳಗಿರುವ ನಮ್ಮ ಊರಿಗೆ ಹಿಂತಿರುಗಿ ವರ್ಷ ತುಂಬಿತ್ತು. ಎರಡು ಮೂರು ತಿಂಗಳಿಗೊಮ್ಮೆ ರೇಡಿಯೋದಲ್ಲಿ ಹದಿನೈದು ನಿಮಿಷ ಭಾವಗೀತೆ ಹಾಡುತ್ತಿದ್ದೆ. ಆ ಹದಿನೈದು ನಿಮಿಷ ನಮ್ಮ ಊರಿನಲ್ಲಿ ನನಗೊಂದು ಬೇರೆ ಜಾಗ ಕೊಟ್ಟಿತ್ತು. ಮದುವೆಯ ಮಾತು ಬಂದರೆ ಅಪ್ಪ, "ಹುಡುಗಿ ಹಾಡಿಕೊಂಡಿದ್ದಾಳೆ, ಸ್ವಲ್ಪ ದಿನ ಹೋಗಲಿ" ಎಂದುಬಿಡುತ್ತಿದ್ದರು. ಮಾತು ಕಡಿಮೆಯ ನನಗೆ ಅಷ್ಟು ಸಾಕಾಗಿತ್ತು. ನಾನು ಯಾರೆಂದು ಯಾರಾದರೂ ಕೇಳಿದರೆ ಕೊಡಲು ನನ್ನ ಬಳಿ ಒಂದು ಉತ್ತರವಿತ್ತು.

ಒಡಕಿನ ವಿಷಯವನ್ನು ಮೈಸೂರಿನ ಸಂಗೀತದ ಮೇಷ್ಟರಿಗೆ ಹೇಳಿದೆ. ಅದು ಸಾಧನೆ ಸಾಲದ್ದರ ಫಲ, ಬೆಳಿಗ್ಗೆ ಎದ್ದು ಒಂದು ಗಂಟೆ ತುಂಬುಗಂಟಲಿನಲ್ಲಿ ಹಾಡು ಎಂದರು. ಹಾಗೇ ಮಾಡಿದೆ. ಮನೆಯವರ ನಿದ್ದೆ ಕೆಡದಿರಲೆಂದು ಹಿತ್ತಲಿನಾಚೆ ಇರುವ ಬ್ಯಾರನ್ನಿಗೆ ಹೋಗಿ ಹಾಡುತ್ತಿದ್ದೆ. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮಣ್ಣುಗೋಡೆಯ ಕೋಣೆ ಬೇಸಿಗೆಯಲ್ಲಿ ಖಾಲಿ ಇರುತ್ತದೆ. ಕಿಟಕಿಯಿಲ್ಲ. ಅಲ್ಲಿ ಸಣ್ಣ ದನಿಯೂ ದೊಡ್ಡದಾಗಿ ಕೇಳುತ್ತದೆ. ನನ್ನ ದನಿ ಸರಿಯಾಗುತ್ತಿದೆ ಎಂದು ಎರಡು ವಾರ ನಂಬಿದ್ದೆ. ಸರಿಯಾಗಿ ಕೇಳಿಸಿದ್ದು ಆ ಕೋಣೆಯ ಮಾರ್ದನಿ ಮಾತ್ರ. ಹಳೆಯ ಸೊಪ್ಪಿನ ದೂಳು ಮೂಗು ಗಂಟಲಿಗೆಲ್ಲ ಸೇರುತ್ತಿದ್ದುದನ್ನು ಗಮನಿಸಲೇ ಇಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಬಾಯಿ ತೆರೆದರೆ ಮಂದ್ರದಲ್ಲೂ ಏನೂ ಹೊರಡಲಿಲ್ಲ.

ಮೈಸೂರಿನ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, ಬಹಳ ಹೊತ್ತು ಗಂಟಲೊಳಗೆ ನೋಡಿದರು. ಸ್ವರ ಹೊರಡಿಸುವ ಎರಡು ಎಳೆಗಳ ಮೇಲೂ ಒಂದೊಂದು ಗಂಟು ಎದ್ದಿದೆ ಎಂದರು. ಎಷ್ಟು ದೊಡ್ಡದು ಎಂದು ಪಿಸುದನಿಯಲ್ಲಿ ಕೇಳಿದೆ. ಸಾಸಿವೆಗಿಂತ ಸ್ವಲ್ಪ ಚಿಕ್ಕದು. ಆರು ವಾರ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು, ಪಿಸುಮಾತು ಇನ್ನೂ ಕೆಟ್ಟದ್ದು ಎಂದು ಅಪ್ಪನಿಗೂ ಕೇಳುವಂತೆ ಎರಡು ಸಲ ಹೇಳಿದರು. ಆಮೇಲೆ ದನಿ ಮೊದಲಿನಂತೆ ಆಗುತ್ತದೆಯೇ ಎಂದು ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಅದನ್ನು ಓದಿ, ಮಡಚಿ ನನಗೇ ಹಿಂದಕ್ಕೆ ಕೊಟ್ಟರು. ಆರು ವಾರ ಕಳೆದು ಬನ್ನಿ ಎಂದರು.

ಅಪ್ಪ ಬಿಳಿಕೆರೆಯಲ್ಲಿ ಬಸ್ಸಿಳಿದು ಒಂದು ಸ್ಲೇಟು, ಒಂದು ಪೊಟ್ಟಣ ಬಳಪ ತಂದುಕೊಟ್ಟರು. ನನ್ನ ಮನೆಮಾತೆಲ್ಲ ಅದರ ಮೇಲೆ ನಡೆಯಬೇಕಾಯಿತು. ಅವ್ವ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತಾಳೆ. ನಾನು ಸಿಟ್ಟಿನಿಂದ ಏನಾದರೂ ಬರೆದು ಮುಗಿಸುವುದರೊಳಗೆ ಅವಳು ಒಲೆಯ ಮುಂದಕ್ಕೆ ಹೋಗಿರುತ್ತಿದ್ದಳು. ಸ್ಲೇಟಿನ ಮೇಲೆ ಜಗಳ ಆಡುವುದಕ್ಕೆ ಆಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಅದೇ ವಾರ ಸೊಪ್ಪಿನ ಮೊದಲ ಕುಯ್ಲು ಶುರುವಾಯಿತು. ಬ್ಯಾರನ್ನಿನಲ್ಲಿ ತೂಗುಹಾಕಲು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವ ಕೆಲಸಕ್ಕೆ ಊರಿನ ಹತ್ತು ಹನ್ನೆರಡು ಹೆಂಗಸರು ನಮ್ಮ ಚಪ್ಪರಕ್ಕೆ ಬರುತ್ತಾರೆ. ನಾನೂ ಅವರ ಜೊತೆ ಕೂತು ಎಲೆ ಎತ್ತಿಕೊಡುವುದು ರೂಢಿ. ಮೂರನೆಯ ದಿನ ಅವರಲ್ಲಿ ಹಿರಿಯಳಾದ, ಮದುವೆಗಳಲ್ಲಿ ಸೋಬಾನೆ ಪದ ಹೇಳಿಕೊಡುವ ಅಜ್ಜಿ, ಕೈಕೆಲಸ ನಿಲ್ಲಿಸದೆಯೇ ಅವ್ವನನ್ನು ಕೇಳಿದಳು.

"ಯಾಕವ್ವಾರೆ, ಅಮ್ಮಣ್ಣಿ ಮೂರು ದಿಸದಿಂದ ತುಟಿ ಬಿಚ್ತಿಲ್ವಲ್ಲ?"

ಅವ್ವನಿಗೆ ಏನು ಹೊಳೆಯಿತೋ. ದನಿ ಹೋದ ಹುಡುಗಿ ಎಂದು ಊರೆಲ್ಲ ಆದರೆ ಮುಂದೆ ಏನು ಗತಿ ಎಂದು ಅವಳು ಹೆದರಿದ್ದಳು. ಅದನ್ನು ಆಮೇಲೆ ಹೇಳಿದಳು. ಆ ಹೊತ್ತಿನಲ್ಲಿ ಮಾತ್ರ ತಡವರಿಸಲಿಲ್ಲ.

"ಹರಕೆ ಕಣವ್ವ. ಮಾರಮ್ಮಂಗೆ. ಒಂದು ಮಂಡಲ ಮಾತಿಲ್ಲ."

"ಮಂಡ್ಲ ಮುಗುದ್ ಮ್ಯಾಕೆ?"

"ಅಮ್ಮನ್ ಮುಂದೆ ಹಾಡ್ತಾಳೆ."

ನಾನು ಸ್ಲೇಟು ತೆಗೆದುಕೊಂಡೆ. ಹರಕೆ ಅಲ್ಲ, ಗಂಟಲು ಕೆಟ್ಟಿದೆ ಎಂದು ಬರೆದು ಎಲ್ಲರಿಗೂ ಕಾಣುವಂತೆ ಹಿಡಿದೆ. ಅವರಲ್ಲಿ ಓದಲು ಬರುವವರು ಒಬ್ಬರೂ ಇರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಸೊಪ್ಪಿನ ಅಂಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸ್ಲೇಟಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಮ್ಮನ ಹೆಸರು ಬರೆದಿದ್ದೇನೆ ಎಂದುಕೊಂಡಿದ್ದಳು. ಅವ್ವ ಓದಿದಳು. ಓದಿ, ಇನ್ನೊಂದು ಕಡ್ಡಿ ಎತ್ತಿಕೊಂಡಳು.

ಡಾಕ್ಟರು ಹೇಳಿದ್ದು ನಲವತ್ತೆರಡು ದಿನ. ಮಂಡಲವೆಂದರೆ ನಲವತ್ತೆಂಟು. ಅಷ್ಟರೊಳಗೆ ದನಿ ಬಂದೇ ಬರುತ್ತದೆ, ಆರು ದಿನ ಮಿಗುತ್ತದೆ, ಅಮ್ಮನ ಮುಂದೆ ಒಂದು ಹಾಡು ಹೇಳಿಬಿಟ್ಟರೆ ಸುಳ್ಳೂ ಸಲ್ಲುತ್ತದೆ ಎಂದು ಅವ್ವ ಲೆಕ್ಕ ಹಾಕಿದ್ದಳು. ನನಗೂ ಆ ಲೆಕ್ಕ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ದನಿ ಬರುವ ದಿನವನ್ನು ಯಾರಾದರೂ ಗೊತ್ತು ಮಾಡಿದರೆ ಸಾಕಾಗಿತ್ತು. ಹಾಗಾಗಿ ಆ ಸ್ಲೇಟನ್ನು ಒರೆಸಿದವಳು ನಾನೇ.

ಹರಕೆ ಎಂದಮೇಲೆ ಜನ ಅದನ್ನು ಹರಕೆಯಂತೆಯೇ ನಡೆಸಿಕೊಂಡರು. ಚಪ್ಪರದಲ್ಲಿ ನನ್ನೆದುರು ಯಾರೂ ಬೈದಾಡುತ್ತಿರಲಿಲ್ಲ. ಯಾರಾದರೂ ಮರೆತು ನನಗೆ ಪ್ರಶ್ನೆ ಕೇಳಿದರೆ ಉಳಿದವರು ಅವರನ್ನು ಗದರುತ್ತಿದ್ದರು. ನಾನು ಕೆಮ್ಮಿದರೆ ಹತ್ತು ಜನ ತಿರುಗಿ ನೋಡುತ್ತಿದ್ದರು. ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡನೆಯ ವಾರದಿಂದ ಒಬ್ಬೊಬ್ಬರೇ ಬಂದು ತಮ್ಮ ಕಷ್ಟ ಹೇಳಿಕೊಳ್ಳತೊಡಗಿದರು.

ಮೊದಲು ಬಂದವಳು ಸ್ಲೇಟನ್ನು ಕಣ್ಣಿಗೊತ್ತಿಕೊಂಡ ಹೆಂಗಸು. ಅವಳ ಅಳಿಯ ಕಾಫಿ ಕುಯ್ಲಿಗೆಂದು ಕೊಡಗಿಗೆ ಹೋಗಿ ಎರಡು ವರ್ಷವಾಗಿತ್ತು, ಸುದ್ದಿಯಿರಲಿಲ್ಲ. ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಅಲ್ಲಿಯವರೆಗೆ ಊರಿನವರಿಗೆಲ್ಲ ಅಳಿಯ ಹಬ್ಬಕ್ಕೆ ಬರುತ್ತಾನೆ ಎಂದೇ ಹೇಳುತ್ತ ಬಂದಿದ್ದಳಂತೆ. ಅವನು ಅಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆಂದು ಲಾರಿಯವನೊಬ್ಬ ಹೇಳಿದ್ದನ್ನು ಗಂಡನಿಗೂ ತಿಳಿಸಿರಲಿಲ್ಲ. ನನಗೆ ಹೇಳಿದಳು. ಬಾಯಿ ಕಟ್ಟಿಕೊಂಡವಳಿಗೆ ಹೇಳಿದರೆ ಅದು ಅಮ್ಮನಿಗೆ ಮಾತ್ರ ಮುಟ್ಟುತ್ತದೆ ಎಂಬ ಧೈರ್ಯ.

"ನಿನ್ ಹರಕೇಲಿ ನನ್ ಮಗಳ್ದೂ ಒಂದು ಸೇರುಸ್ಕಳವ್ವ. ಅವ್ನು ಬರ್ಲಿ, ಇಲ್ಲ ಬರಾಕಿಲ್ಲ ಅಂತಾನಾದ್ರೂ ಗೊತ್ತಾಗ್ಲಿ."

ನಾನು ತಲೆಯಾಡಿಸಿದೆ. ಬೇರೇನು ಮಾಡಬಹುದಿತ್ತು? ತಲೆಯಾಡಿಸದೆ ಇರಬಹುದಿತ್ತು. ಅವಳ ನಂತರ ಇನ್ನೂ ನಾಲ್ಕೈದು ಜನ ಬಂದರು. ಒಬ್ಬಳ ಗಂಡ ಕುಡಿಯುತ್ತಿದ್ದ, ಒಬ್ಬಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಸೋಬಾನೆ ಅಜ್ಜಿ ಮಾತ್ರ ತನಗೇನೂ ಬೇಡ, ಇನ್ನೊಂದು ವರ್ಷ ಕಣ್ಣು ಕಂಡರೆ ಸಾಕು ಎಂದು ನಗುತ್ತ ಹೇಳಿದಳು. ಎಲ್ಲರಿಗೂ ತಲೆಯಾಡಿಸಿದೆ. ಅವ್ವ ಹೇಳಿದ ಒಂದು ಸುಳ್ಳಿಗೆ ಇಷ್ಟು ಜನರ ನಿಜ ಬಂದು ಅಂಟಿಕೊಳ್ಳುತ್ತದೆ ಎಂದು ನಾವಿಬ್ಬರೂ ಎಣಿಸಿರಲಿಲ್ಲ.

ಆ ದಿನಗಳಲ್ಲಿ ನನ್ನ ಗಂಟಲಿನ ಮೇಲೆ ಸದಾ ಒಂದು ಕಣ್ಣಿಟ್ಟಿದ್ದೆ. ಉಗುಳು ನುಂಗಿದಾಗ ಏನಾದರೂ ತಡೆಯುತ್ತದೆಯೇ, ಆಕಳಿಸಿದಾಗ ಸದ್ದು ಬಂತೇ, ಬಂದ ಸದ್ದು ಒರಟಾಗಿತ್ತೇ. ಹಾಡನ್ನು ಮನಸ್ಸಿನಲ್ಲಿ ಹೇಳಿಕೊಂಡರೂ ಗಂಟಲಿನ ನರ ಅಲುಗುವುದು ಬೆರಳಿಗೆ ತಿಳಿಯುತ್ತಿತ್ತು. ಹಾಗಾಗಿ ರೇಡಿಯೋ ಹಾಕುವುದನ್ನು ಬಿಡಿಸಿದೆ. ಚಪ್ಪರದಲ್ಲಿ ಹೆಂಗಸರು ಎಲೆ ಕಟ್ಟುತ್ತ ಪದ ಎತ್ತಿದರೆ ಎದ್ದು ಹೋಗುತ್ತಿದ್ದೆ. ಅದೂ ಹರಕೆಯ ಕಟ್ಟುನಿಟ್ಟು ಎಂದು ಅವರು ಮೆಚ್ಚಿಕೊಂಡರು.

ನಲವತ್ತೆರಡನೆಯ ದಿನ ಅಪ್ಪನ ಜೊತೆ ಮತ್ತೆ ಮೈಸೂರಿಗೆ ಹೋದೆ. ಎಡಗಡೆಯ ಗಂಟು ಕರಗಿತ್ತು. ಬಲಗಡೆಯದು ಸಣ್ಣದಾಗಿತ್ತು, ಹೋಗಿರಲಿಲ್ಲ. ಇನ್ನು ಸ್ವಲ್ಪ ಸ್ವಲ್ಪ ಮಾತಾಡಬಹುದು, ಮೆಲ್ಲಗೆ, ದಿನಕ್ಕೆ ಹತ್ತಿಪ್ಪತ್ತು ಮಾತು. ಹಾಡುವುದು ಮೂರು ತಿಂಗಳು ಬೇಡ ಎಂದರು ಡಾಕ್ಟರು. ಅಪ್ಪ ಹಿಂಜರಿಯುತ್ತ, ಒಂದೇ ಒಂದು ಹಾಡು, ದೇವಸ್ಥಾನದಲ್ಲಿ, ಎಂದು ಕೇಳಿದರು.

"ಈಗ ಹಾಡಿದರೆ ಆ ಗಂಟನ್ನು ಕತ್ತರಿಸಬೇಕಾದೀತು," ಎಂದರು ಡಾಕ್ಟರು. "ಕತ್ತರಿಸಿದಮೇಲೆ ಎಂಥ ದನಿ ಉಳಿಯುತ್ತೆ ಅಂತ ನಾನು ಹೇಳಲಾರೆ."

ಬಸ್ಸಿನಲ್ಲಿ ಅಪ್ಪ ಹುಣಸೂರು ರಸ್ತೆಯ ಮರಗಳನ್ನೇ ನೋಡುತ್ತ ಕೂತಿದ್ದರು. ಬಿಳಿಕೆರೆ ಬರುವಾಗ ಮಾತ್ರ, ಈ ವಿಷಯ ನೀನೂ ನಿಮ್ಮವ್ವನೂ ಮಾತಾಡಿಕೊಳ್ಳಿ ಎಂದರು. ಮಾತಾಡಿಕೊಳ್ಳಿ ಎಂದದ್ದಕ್ಕೆ ಅವರಿಗೇ ಮುಜುಗರವಾಗಿರಬೇಕು, ಬೇಗ ಬೇಗ ಇಳಿದುಬಿಟ್ಟರು.

ಮಾತಾಡಲು ಅನುಮತಿ ಸಿಕ್ಕಿದ್ದರೂ ಆ ಆರು ದಿನ ನಾನು ಬಾಯಿ ತೆರೆಯಲಿಲ್ಲ. ಯಾರಾದರೂ ಕೇಳಿಸಿಕೊಂಡರೆ ಮಂಡಲ ಮುರಿಯುತ್ತದೆ ಎಂಬುದೊಂದು ಕಾರಣ. ನಿಜವಾದ ಕಾರಣ, ಬಾಯಿ ತೆರೆದರೆ ಎಂಥ ಸದ್ದು ಬರುತ್ತದೋ ಎಂಬ ಹೆದರಿಕೆ. ಅವ್ವ ತನ್ನ ದಾರಿ ಹುಡುಕಿಕೊಂಡಿದ್ದಳು. ಸೋಬಾನೆಯಲ್ಲಿ ಒಬ್ಬಳು ಒಂದು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ಹಿಡಿದು ಹಾಡುತ್ತಾರೆ. ಎತ್ತಿಕೊಡುವವಳಿಗೆ ಹೆಚ್ಚು ಕೆಲಸವಿಲ್ಲ.

"ಒಂದೇ ಒಂದ್ ಸಾಲು ಎತ್ಕೊಟ್ಬುಡು ಮಗ. ಮೆಲ್ಲುಗೆ. ಮಿಕ್ಕುದ್ದ ಅವರೇ ನೋಡ್ಕತಾರೆ. ಒಂದ್ ಸಾಲಿಗೆ ಏನಾದದು?"

ಆ ಒಂದು ಸಾಲನ್ನು ನಾನು ಆರು ದಿನವೂ ಲೆಕ್ಕ ಹಾಕಿದೆ. ಯಾವ ಶ್ರುತಿಯಲ್ಲಿ ಹಿಡಿದರೆ ಮೇಲೆ ಹೋಗಬೇಕಾಗುವುದಿಲ್ಲ, ಎಲ್ಲಿ ಉಸಿರು ತೆಗೆದುಕೊಂಡರೆ ಬಲಗಡೆಯ ಎಳೆಗೆ ಭಾರ ಬೀಳುವುದಿಲ್ಲ. ನಾಲ್ಕೇ ಸ್ವರಗಳಲ್ಲಿ ಮುಗಿಯುವ ಒಂದು ಸಾಲನ್ನೂ ಆರಿಸಿಕೊಂಡಿದ್ದೆ. ಸಾಸಿವೆಗಿಂತ ಚಿಕ್ಕದಾದ ಒಂದು ಗಂಟು, ಅದರ ಮೇಲೆ ನಾಲ್ಕು ಸ್ವರ.

ಮಂಡಲ ತುಂಬಿದ್ದು ಮಂಗಳವಾರ. ಹೆಂಗಸರು ಬೆಳಿಗ್ಗೆಯ ಕೆಲಸ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ತಟ್ಟೆಗಳಲ್ಲಿ ತಂಬಿಟ್ಟಿನ ಆರತಿ ಹೊತ್ತು ಮಾರಮ್ಮನ ಗುಡಿಗೆ ಬಂದಿದ್ದರು. ಕರೆದದ್ದು ನಮ್ಮ ಮನೆಯವರಲ್ಲ. ತಾವೂ ಕೇಳಿಕೊಂಡಿದ್ದರಿಂದ ತಾವಾಗಿಯೇ ಬಂದಿದ್ದರು. ಗುಡಿ ಚಿಕ್ಕದು, ನಾಲ್ಕು ಜನ ನಿಂತರೆ ತುಂಬುತ್ತದೆ. ಉಳಿದವರು ಹೊರಗೆ ಕಲ್ಲುಚಪ್ಪಡಿಯ ಮೇಲೆ ಕೂತರು. ಪೂಜೆಯಾಯಿತು. ಅಳಿಯನ ಸುದ್ದಿಗೆ ಕಾದಿದ್ದ ಹೆಂಗಸು ಎಲ್ಲರಿಗಿಂತ ಮುಂದೆ ಕೂತಿದ್ದಳು. ಜೊತೆಗೆ ಮಗಳನ್ನೂ ಕರೆತಂದಿದ್ದಳು. ಮಗಳ ತೊಡೆಯ ಮೇಲೆ ಕೂಸು ಮಲಗಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಆರಿಸಿಕೊಂಡ ಸಾಲು ನೆನಪಿನಲ್ಲಿತ್ತು. ಉಸಿರು ತೆಗೆದುಕೊಂಡೆ. ಆ ಉಸಿರಿನಲ್ಲೇ ನನಗೆ ಗೊತ್ತಾಯಿತು, ಈ ಸಾಲು ಹೇಳಿದರೆ ನಾಳೆಯಿಂದ ಇವರೆಲ್ಲರ ಮುಂದೆ ಇನ್ನೊಂದು ಹೇಳಬೇಕಾಗುತ್ತದೆ, ಆಮೇಲೆ ಮತ್ತೊಂದು. ದನಿಯೂ ಹೋಗುತ್ತದೆ, ಸುಳ್ಳೂ ಉಳಿಯುತ್ತದೆ.

"ನನಗೆ ಗಂಟಲು ಕೆಟ್ಟಿದೆ," ಎಂದೆ. "ಹರಕೆ ಇರಲಿಲ್ಲ. ಡಾಕ್ಟರು ಮಾತಾಡಬೇಡ ಅಂದಿದ್ದರು. ನಾನು ಈಗ ಹಾಡುವ ಹಾಗಿಲ್ಲ."

ನಲವತ್ತೆಂಟು ದಿನದ ನಂತರ ಬಂದ ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ತಗ್ಗಿನಲ್ಲಿತ್ತು, ಮರಳು ಉಜ್ಜಿದಂತಿತ್ತು. ಅವ್ವ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು. ಮುಂದೆ ಕೂತಿದ್ದ ಹೆಂಗಸು ಎದ್ದು ನಿಂತಳು.

"ನಾನ್ ನಿನ್ ಮುಂದೆ ಅತ್ಕಂಡು ಹೇಳಿದ್ದು ಡಾಕ್ಟರ್ ಚೀಟಿಗಾ?"

ಉತ್ತರಕ್ಕೆ ಕಾಯಲಿಲ್ಲ. ಆರತಿ ತಟ್ಟೆ ಎತ್ತಿಕೊಂಡು, ಮಗಳನ್ನು ಎಬ್ಬಿಸಿಕೊಂಡು ಹೊರಟುಹೋದಳು. ಇನ್ನೊಬ್ಬಿಬ್ಬರು ಏಳುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಸೋಬಾನೆ ಅಜ್ಜಿ ಕೂತಲ್ಲಿಂದಲೇ ಮಾತಾಡಿದಳು.

"ಕೂತ್ಕಳ್ರವ್ವ. ಅವಳ್ದು ಹರಕೆ ಅಲ್ದಿದ್ರೆ ಬುಡಿ. ನಾವ್ ಕೇಳ್ಕಂಡಿದ್ದು ಸುಳ್ಳಾ?" ಆಮೇಲೆ ಅವ್ವನ ಕಡೆ ತಿರುಗಿದಳು. "ಅಮ್ಮನ್ ಮುಂದೆ ಹಾಡಾಯ್ತದೆ ಅಂತ ಬಾಯಿ ಬುಟ್ಟೋರು ಯಾರು?"

"ನಾನೇ," ಎಂದಳು ಅವ್ವ.

"ಅಂಗಾರೆ ನೀವೇ ಎತ್ಕೊಡಿ."

"ನಂಗೆಲ್ ಬತ್ತದವ್ವ ಹಾಡು?"

"ಅಮ್ಮಂಗೆ ರೇಡಿಯೋ ದನಿನೇ ಬೇಕು ಅಂತ ಯಾರಂದ್ರು?"

ಯಾರೋ ಒಬ್ಬಳು ನಕ್ಕಳು. ಅವ್ವ ನನ್ನ ಕಡೆ ನೋಡಿದಳು, ಸಹಾಯ ಕೇಳುವಂತೆ. ನಾನು ಏನೂ ಮಾಡುವ ಹಾಗಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಹಾಡಿಗೆ ತಾಳ ಹಾಕುವುದಕ್ಕೂ ಅವಳಿಗೆ ಸಂಕೋಚ. ಅವಳು ಕಣ್ಣು ಮುಚ್ಚಿಕೊಂಡು, ಕೃಷ್ಣರಾಜನಗರದ ಕಡೆಯ ತನ್ನ ತವರಿನಲ್ಲಿ ನಾಟಿ ಮಾಡುವಾಗ ಹೇಳುತ್ತಿದ್ದ ಒಂದು ಪದವನ್ನು ಎತ್ತಿದಳು. ಮೊದಲ ಸಾಲಿನಲ್ಲೇ ಶ್ರುತಿ ಜಾರಿತು. ಎರಡನೆಯ ಸಾಲು ಇನ್ನೊಂದು ಶ್ರುತಿಯಲ್ಲಿ ಶುರುವಾಯಿತು. ಹೆಂಗಸರು ಅವಳು ಎಲ್ಲಿ ಬಿಟ್ಟಳೋ ಅಲ್ಲಿಂದ ಹಿಡಿದುಕೊಂಡರು. ಅವಳು ಮೇಲೆ ಹೋದರೆ ಮೇಲೆ, ಕೆಳಗೆ ಇಳಿದರೆ ಕೆಳಗೆ. ಅಭ್ಯಾಸಬಲದಿಂದ ನಾನು ಅಪಸ್ವರಗಳನ್ನು ಎಣಿಸುತ್ತಿದ್ದೆ. ಎಣಿಸುತ್ತಿದ್ದಂತೆ ನನ್ನ ಗಂಟಲು ತಾನಾಗಿಯೇ ಅವಳ ಜೊತೆ ಅಲುಗಲು ಶುರುವಾಯಿತು. ಹೆದರಿ ಅದನ್ನು ಕೈಯಿಂದ ಹಿಡಿದುಕೊಂಡೆ. ಪದ ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದೆ.

ಮರುದಿನ ಎಲ್ಲರೂ ಕೆಲಸಕ್ಕೆ ಬಂದರು. ಎದ್ದು ಹೋಗಿದ್ದವಳೂ ಬಂದಳು. ಅವಳು ಅಲ್ಲಿಂದ ಮುಂದೆ ನನಗೆ ಬೆನ್ನು ಹಾಕಿ ಚಪ್ಪರದ ಆ ತುದಿಯಲ್ಲಿ ಕೂತು ಎಲೆ ಕಟ್ಟಿದಳು, ಕುಯ್ಲು ಮುಗಿಯುವವರೆಗೂ. ಲಾರಿಯವನ ಮಾತನ್ನು ನಾನು ಯಾರಿಗೂ ಹೇಳಿಲ್ಲವೆಂದು ಅವಳಿಗೆ ತಿಳಿಸಬೇಕಾಗಿತ್ತು. ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನು ಮೆಲ್ಲಗೆ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಅವಳು ಮೊರದಿಂದ ತಲೆಯೆತ್ತಲಿಲ್ಲ.

"ಜಾಸ್ತಿ ಮಾತಾಡ್ಬ್ಯಾಡ ಬುಡು, ಗಂಟ್ಲು ಕೆಡ್ತದೆ," ಎಂದಳು.

ಅದು ಕರುಣೆಯೋ ಸಿಟ್ಟೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳ ಅಳಿಯ ಬರಲಿಲ್ಲ.

ಮೂರು ತಿಂಗಳು ಎಂದದ್ದು ಐದಾಯಿತು. ಸಂಕ್ರಾಂತಿ ಕಳೆದಮೇಲೆ ಡಾಕ್ಟರು ಮತ್ತೆ ನೋಡಿ, ಬಲಗಡೆಯದೂ ಹೋಗಿದೆ, ದಿನಕ್ಕೆ ಹತ್ತು ನಿಮಿಷ ಹಾಡಿನೋಡಿ ಎಂದರು. ಶ್ರುತಿಪೆಟ್ಟಿಗೆಯನ್ನು ಮೊದಲಿನ ಐದೂವರೆ ಮನೆಗೆ ಇಟ್ಟೆ, ದನಿ ಹತ್ತಲಿಲ್ಲ. ಐದಕ್ಕೆ ಇಳಿಸಿದೆ, ನಾಲ್ಕೂವರೆಗೆ ಇಳಿಸಿದೆ. ನಾಲ್ಕರಲ್ಲಿ ಷಡ್ಜ ನಿಂತಿತು. ಅಲ್ಲಿಂದ ಮೇಲೆ ಧೈವತದವರೆಗೆ ಹೋಗಬಹುದಿತ್ತು. ಅದರಾಚೆ ಏನಿದೆಯೆಂದು ನೋಡುವ ಧೈರ್ಯ ಆಗಲಿಲ್ಲ. ರೇಡಿಯೋದವರ ಪತ್ರ ಬಂದಾಗ ಸದ್ಯಕ್ಕೆ ಹಾಡಲಾರೆ ಎಂದು ಉತ್ತರ ಬರೆದೆ. ಸದ್ಯಕ್ಕೆ ಎಂಬ ಮಾತನ್ನು ಒಮ್ಮೆ ಹೊಡೆದುಹಾಕಿ, ಬೇರೆ ಕಾಗದ ತೆಗೆದುಕೊಂಡು ಮತ್ತೆ ಸೇರಿಸಿದೆ.

ಅದಾಗಿ ಎರಡು ವರ್ಷವಾಗಿದೆ. ಈಗಲೂ ಬೆಳಿಗ್ಗೆ ಯಾರೊಡನೆಯೂ ಮಾತಾಡುವ ಮೊದಲು, ಹಾಸಿಗೆಯ ಮೇಲೆಯೇ ಕೂತು, ಬಾಯಿ ಮುಚ್ಚಿಕೊಂಡು ಕೆಳಗಿನ ಷಡ್ಜವನ್ನು ಮೆಲ್ಲಗೆ ಹಿಡಿದುನೋಡುತ್ತೇನೆ. ಇದೆ. ಆಮೇಲೆ ಒಂದೊಂದಾಗಿ ಮೇಲೆ ಹೋಗುತ್ತೇನೆ, ನಿನ್ನೆ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ. ಅಡುಗೆಮನೆಯಲ್ಲಿ ಅವ್ವನ ಪಾತ್ರೆಯ ಸದ್ದು ಆಗ ನಿಂತಿರುತ್ತದೆ. ನಾನು ನಿಲ್ಲಿಸಿದ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಗುತ್ತದೆ.